ಸರ್ಕಾರಿ ಕಚೇರಿಯ ವೇಳೆಗೆ ಹೊಂದಿಕೊಂಡ ಡೇ ಕೇರ್

ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ಈ ಖಾಸಗಿ ಡೇ ಕೇರ್‌ನ ಗುಣವೂ ಅದರ ವೇಳಾಪಟ್ಟಿಯೇ, ದೋಷವೂ ಅದರ ವೇಳಾಪಟ್ಟಿಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲಿನ ಕಾರಣದಿಂದ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ, ಇವರೂ ಏಳೂವರೆಗೇ ಬಾಗಿಲು ತೆರೆದು ಎರಡಕ್ಕೆ ಮುಚ್ಚುತ್ತಾರೆ. ಖಜಾನೆಯಲ್ಲೋ ಶಿಕ್ಷಣ ಇಲಾಖೆಯಲ್ಲೋ ಇರುವ ತಾಯಂದಿರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಿಲ್ಲ. ಹೆರಿಗೆಗೆಂದು ಕೆಲಸ ಬಿಟ್ಟು, ಈಗ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಅರೆಕಾಲಿಕವಾಗಿ ದುಡಿಯುವ ನನಗೆ ಮಾತ್ರ ಆ ಎರಡು ತಿಂಗಳು ಡೇ ಕೇರ್ ಇದ್ದೂ ಇಲ್ಲದಂತೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ಕತೆಯೂ ಅದೇ.

ಒಂದು ವರ್ಷ ತುಂಬದ ಮಕ್ಕಳನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ದೊರೆತ 26 ವಾರಗಳ ರಜೆಯಾದರೋ ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಮುಗಿದುಹೋಗುತ್ತದೆ. ನಡುವಿನ ಆರು ತಿಂಗಳನ್ನು ರಾಜ್ಯ ಸರ್ಕಾರದ ಮಹಿಳಾ ನೌಕರರು, 2021ರಿಂದ ಇಡೀ ಸೇವಾವಧಿಗೆಂದು ಲಭ್ಯವಿರುವ 180 ದಿನಗಳ ಶಿಶುಪಾಲನಾ ರಜೆಯಿಂದ ತುಂಬಿಕೊಳ್ಳಬಲ್ಲರು. ಕೇಂದ್ರ ಸರ್ಕಾರದ ನೌಕರರಿಗಂತೂ ಅದು 730 ದಿನಗಳವರೆಗೆ ಇದೆ. ಖಾಸಗಿಯವರಿಗೆ ಉಳಿಯುವುದು ತವರಿನಿಂದ ತಾಯಿಯನ್ನು ಕರೆಸಿಕೊಳ್ಳುವುದು, ಇಲ್ಲವೇ ರಾಜೀನಾಮೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಬಿಡಬೇಕು ಎಂದು ಕಾನೂನು ಹೇಳುತ್ತದೆ. ಐದಾರು ಜನರಿರುವ ನಮ್ಮಂಥ ಕಚೇರಿಗಳಿಗೆ ಅದು ಅನ್ವಯಿಸುವುದಿಲ್ಲ.

ಮಕ್ಕಳ ಆರೈಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಕೂಲರ್ ಇದೆ, ಕರೆಂಟ್ ಹೋದರೆ ಇನ್ವರ್ಟರ್ ಇದೆ, ಮಧ್ಯಾಹ್ನ ಮೆತ್ತಗಿನ ಅನ್ನ-ಬ್ಯಾಳಿ ಬಿಸಿಯಾಗಿಯೇ ಬಡಿಸುತ್ತಾರೆ. ಆಯಾಗಳು ಪದೇ ಪದೇ ಬದಲಾಗುವುದಿಲ್ಲ ಎಂಬುದನ್ನು ನಾನು ಆಟಿಕೆಗಳಿಗಿಂತ ದೊಡ್ಡ ಗುಣವೆಂದು ಎಣಿಸುತ್ತೇನೆ. ಅರ್ಧ ದಿನಕ್ಕೆ ಪೂರ್ಣ ದಿನದ ಶುಲ್ಕದ ಮುಕ್ಕಾಲು ಭಾಗ ತೆಗೆದುಕೊಳ್ಳುವುದು ಮಾತ್ರ ನ್ಯಾಯವಲ್ಲ; ಅರ್ಧ ಸಂಬಳಕ್ಕೆ ದುಡಿಯುವವರೇ ಅರ್ಧ ದಿನ ಬಿಡುವವರು.

ಬೇಸಿಗೆಯಲ್ಲಿ ಸಂಜೆಯವರೆಗೆ ಒಬ್ಬ ಆಯಾ ಉಳಿಯುವುದಾದರೆ ಹೆಚ್ಚುವರಿ ಹಣ ಕೊಡುತ್ತೇವೆಂದು ಕೆಲವು ಪೋಷಕರು ಕೇಳಿದ್ದೇವೆ. ಸಾಕಷ್ಟು ಮಕ್ಕಳು ಸೇರಿದರೆ ನೋಡೋಣ ಎಂದಿದ್ದಾರೆ. ಸರ್ಕಾರಿ ನೌಕರಿಯವರು ನಿಶ್ಚಿಂತೆಯಿಂದ ಸೇರಿಸಬಹುದು. ಉಳಿದವರು ಮುಂಗಡ ಕಟ್ಟುವ ಮೊದಲು ಏಪ್ರಿಲ್, ಮೇ ತಿಂಗಳ ವೇಳೆಯನ್ನು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಲಿ.