ಗೋಬರ್ ಗ್ಯಾಸ್, ಸಿಲಿಂಡರ್, ಇಂಡಕ್ಷನ್: ಮೂರರಲ್ಲೂ ಅಡುಗೆ ಮಾಡಿ ನೋಡಿದ ಮೇಲೆ

ಕೊಟ್ಟಿಗೆಯಲ್ಲಿ ಮೂರು ಸೀಮೆಹಸು ಇರುವ ಮನೆಗೆ ಗೋಬರ್ ಗ್ಯಾಸೇ ಸರಿ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಳಗೆ ಬರೆದಿರುವುದರಲ್ಲಿ ಅರ್ಧ ಅದರ ತಾಪತ್ರಯವೇ. ಹೋಲಿಸಿದ್ದು ಸಕಲೇಶಪುರದ ಕಡೆ ಏಳು ಜನರ ಅಡುಗೆಗೆ: ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು (ನೆಲದಡಿ ಗುಮ್ಮಟ ಕಟ್ಟುವ ಮಾದರಿ) ಗೋಬರ್ ಗ್ಯಾಸ್, 14.2 ಕೆಜಿ ಸಿಲಿಂಡರ್, 2000 ವಾಟಿನ ಇಂಡಕ್ಷನ್ ಒಲೆ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ನೋಡಿದ್ದಾಗಿದೆ. ಹಂಡೆ ನೀರಿಗೆ ಮರಗಸಿ (ತೋಟದ ನೆರಳುಮರದ ಕೊಂಬೆ ಕಡಿಯುವುದು) ಮಾಡಿದ ಸೌದೆ ಇದ್ದೇ ಇದೆ, ಅದನ್ನು ಲೆಕ್ಕಕ್ಕೆ ತಂದಿಲ್ಲ.

ಯಾವುದು ಗಾಳಿಗೆ ಎಷ್ಟು ಇಂಗಾಲ ಬಿಡುತ್ತದೆ ಅನ್ನುವುದು ನನಗೆ ಬಿಲ್ಲಿನಷ್ಟೇ ಮುಖ್ಯ. ಒಂದು ಗಿಗಾಜೂಲ್ ಶಾಖಕ್ಕೆ ಕಲ್ಲಿದ್ದಲು ಸುಮಾರು 95 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಸಿಲಿಂಡರಿನ ಗ್ಯಾಸ್ 63, ನೈಸರ್ಗಿಕ ಅನಿಲ 56. ಈ ನೈಸರ್ಗಿಕ ಅನಿಲ ಅಂದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮೀಥೇನ್. ಸಗಣಿ ಗುಂಡಿಯಿಂದ ಬರುವುದೂ ಅದೇ ಮೀಥೇನ್, ಆದರೆ 55ರಿಂದ 60 ಭಾಗ, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಒಂದರ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು. ಇನ್ನೊಂದರದ್ದು ಹೋದ ಮಳೆಗಾಲದ ಹುಲ್ಲು. ಸಿಲಿಂಡರಿನಲ್ಲಿರುವುದು ಇವೆರಡೂ ಅಲ್ಲದ ಪ್ರೊಪೇನ್, ಬ್ಯೂಟೇನ್. ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ನೆಲದಡಿಯಲ್ಲೇ ಮಂಗಳೂರು, ಹಾಸನ, ಮೈಸೂರು, ಸೋಲೂರು ಅಂತ ಅದರ ಪೈಪ್‌ಲೈನ್ ಹಾದುಹೋಗಿದೆ.

ಈಗ ಗುಂಡಿಯ ವಿಷಯ. 2 ಘನ ಮೀಟರ್ ಗ್ಯಾಸಿಗೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಹಾಲಿನ ಸೀಮೆಹಸು ಮೂರಿದ್ದರೆ ಸಾಕಾಗುತ್ತದೆ. ನಾಟಿ ತಳಿಯ ಸಣ್ಣ ಹಸು ಮಲೆನಾಡು ಗಿಡ್ಡ ಆದರೆ ಹತ್ತಿದ್ದರೂ ಕಷ್ಟ. ಅವು ಹಗಲೆಲ್ಲ ಹೊರಗೆ ಮೇಯುತ್ತವೆ, ಅರ್ಧ ಸಗಣಿ ಗುಡ್ಡದಲ್ಲೇ ಉಳಿಯುತ್ತದೆ. ಮೊದಲ ಸಲ ತುಂಬಿಸಲು ಎರಡು ಟನ್ ಸಗಣಿ ಬೇಕು. ಅದನ್ನು ಗುಂಡಿ ತೋಡುವ ಮೊದಲೇ ಹೊಂದಿಸಿಕೊಳ್ಳಿ, ಒಣಗಲು ಬಿಡಬೇಡಿ. ಮೊದಲು ಬರುವ ಗ್ಯಾಸ್ ಹತ್ತುವುದಿಲ್ಲ, ಅದರಲ್ಲಿ ಗಾಳಿ ಮತ್ತು ಇಂಗಾಲದ ಡೈಆಕ್ಸೈಡೇ ಜಾಸ್ತಿ. ಅದನ್ನು ಹೊರಗೆ ಬಿಟ್ಟು ಮತ್ತೆ ತುಂಬಲು ಬಿಡಬೇಕು. ಕೆಲಸ ಡಿಸೆಂಬರಿನಿಂದ ಮೇ ಒಳಗೆ ಮುಗಿಯಬೇಕು. ಮಳೆಗಾಲದಲ್ಲಿ ಒರತೆ ಎದ್ದರೆ ಖಾಲಿ ಗುಂಡಿಯನ್ನು ಕೆಳಗಿನಿಂದ ಒತ್ತಿ ಬಿರುಕು ಬಿಡಿಸುತ್ತದೆ.

ಎಲ್ಲಾ ಸರಿಯಾಗಿ ಕಟ್ಟಿಸಿದ ಮೇಲೂ ಕೈಕೊಟ್ಟದ್ದು ಪೈಪು. ಅಂಗಡಿಯಲ್ಲಿ "ಗೋಬರ್ ಗ್ಯಾಸಿಗೆ ಇದೇ ಸಾಕು" ಅಂತ ಕೊಡುವ ಕಪ್ಪು ಹೋಸ್ ಪೈಪನ್ನು ಗುಂಡಿಯಿಂದ ಅಡುಗೆಮನೆಗೆ ಕಂಬದಿಂದ ಕಂಬಕ್ಕೆ ಕಟ್ಟಿದರೆ, ಒಂದೇ ಬೇಸಿಗೆಯಲ್ಲಿ ಬಿಸಿಲಿಗೆ ಮೆತ್ತಗಾಗಿ ನಡುನಡುವೆ ಜೋತುಬೀಳುತ್ತದೆ. ಮಳೆಗಾಲ ಶುರುವಾದ ವಾರದಲ್ಲೇ ಉರಿ ಕುಣಿಯತೊಡಗುತ್ತದೆ. ಒಮ್ಮೆ ಎದ್ದು ಒಮ್ಮೆ ಬಗ್ಗಿ, ಕಿವಿಗೊಟ್ಟರೆ ಪೈಪಿನೊಳಗೆ ಗುಳುಗುಳು ಸದ್ದು. ಎಲ್ಲರೂ ಮೊದಲು ಬೈಯುವುದು ಸಗಣಿಯನ್ನು, ಆಮೇಲೆ ಚಳಿಯನ್ನು. ಗುಂಡಿಗೆ ಇನ್ನಷ್ಟು ಸಗಣಿ ಸುರಿಯುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ಆಗುತ್ತಿರುವುದು ಇಷ್ಟು. ಗುಂಡಿಯಲ್ಲಿರುವ ಬಗ್ಗಡದ (ನೀರಲ್ಲಿ ಕಲಸಿದ ಸಗಣಿ) ಮೇಲಿಂದ ಎದ್ದು ಬರುವ ಗ್ಯಾಸಿನಲ್ಲಿ ನೀರಾವಿ ತುಂಬಿರುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ, 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಅಂದರೆ ಹೊರಗಿನ ತಂಪಿಗೆ ಪೈಪಿನೊಳಗೆ ಘನ ಮೀಟರಿಗೆ 13 ಗ್ರಾಂ ನೀರು ಇಳಿಯಿತು. ದಿನಕ್ಕೆ ಎರಡು ಘನ ಮೀಟರಿಗೆ 26 ಗ್ರಾಂ, ತಿಂಗಳಿಗೆ ಮುಕ್ಕಾಲು ಲೀಟರ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಒಂದು ದಿನದ ನೀರೇ ಎಂಟು ಸೆಂಟಿಮೀಟರ್ ಉದ್ದ ತುಂಬುತ್ತದೆ. ಜೋತುಬಿದ್ದ ಜಾಗದಲ್ಲಿ ಅದು ಸೇರಿ ಸೇರಿ ನಾಲ್ಕೈದು ದಿನದಲ್ಲಿ ದಾರಿ ಮುಚ್ಚುತ್ತದೆ.

ಪೈಪು 15 ಸೆಂಟಿಮೀಟರ್ ಜೋತಿದ್ದರೆ, ಆ ನೀರನ್ನು ದಾಟಲು ಗ್ಯಾಸಿಗೆ ಅಷ್ಟೇ ನೀರಿನೆತ್ತರದ ಒತ್ತಡ ಬೇಕು. ದೀನಬಂಧುವಿನಲ್ಲಿ ಬೆಳಗ್ಗೆ ಒತ್ತಡ ಚೆನ್ನಾಗಿರುತ್ತದೆ, ಬಳಸುತ್ತಾ ಹೋದಂತೆ ಸೊನ್ನೆಯ ಕಡೆಗೆ ಇಳಿಯುತ್ತದೆ. ಹಾಗಾಗಿ ಬೆಳಗಿನ ಕಾಫಿಗೆ ತೊಂದರೆ ಕಾಣುವುದಿಲ್ಲ, ರೊಟ್ಟಿಯ ಹೊತ್ತಿಗೆ ಉರಿ ಕುಣಿಯುತ್ತದೆ, ಸಾರು ಕುದಿಯುವ ಹೊತ್ತಿಗೆ ಆರುತ್ತದೆ. ಗುಂಡಿಯಲ್ಲಿ ಗ್ಯಾಸ್ ಇದೆ, ಒಲೆಗೆ ಬರುತ್ತಿಲ್ಲ, ಅಷ್ಟೇ.

ಇದಕ್ಕೆ ಹೋಸ್ ಬಿಟ್ಟು ಗಟ್ಟಿ ಪೈಪು ಹಾಕಬೇಕು, ಮೀಟರಿಗೊಂದು ಸೆಂಟಿಮೀಟರ್ ಇಳಿಜಾರು ಕೊಡಬೇಕು. ಅಡುಗೆಮನೆ ಗುಂಡಿಗಿಂತ ಎತ್ತರದಲ್ಲಿದ್ದರೆ ಇಡೀ ಇಳಿಜಾರು ಗುಂಡಿಯ ಕಡೆಗೇ ಇರಲಿ, ನೀರು ತಾನಾಗಿ ವಾಪಸ್ ಹೋಗುತ್ತದೆ. ತಗ್ಗಿನಲ್ಲಿದ್ದರೆ, ಗೋಡೆಯ ಹೊರಗೆ ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ ಇಂಗ್ಲಿಷ್ T ಆಕಾರದ ಪೈಪ್ ಜೋಡಣೆ ಒಂದು ಕೂರಿಸಿ, ಅದರ ಕಾಲಿಗೆ ಎರಡಡಿ ಪೈಪು ನೇರ ಕೆಳಗಿಳಿಸಿ ತುದಿಗೆ ಕಾಕ್ ಹಾಕಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಲೆ ಆರಿಸಿ ಕಾಕ್ ತಿರುಗಿಸಿದರೆ ಕಪ್ಪಗಿನ ನೀರು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ನೀರು ನಿಂತು ಗ್ಯಾಸಿನ ಸದ್ದು ಬಂದ ಕೂಡಲೇ ಮುಚ್ಚಿ. ಹತ್ತಿರದಲ್ಲಿ ಯಾರೂ ಬೀಡಿ ಹಚ್ಚಿರಬಾರದು.

ಇನ್ನು ಗುಂಡಿ ಸಾಯುವ ಕಾರಣಗಳಲ್ಲಿ ನಮ್ಮ ಕಡೆಯದೇ ಒಂದಿದೆ: ಪಲ್ಪರ್ ನೀರು. ಕಾಫಿ ಹಣ್ಣು ಪಲ್ಪಿಂಗ್ ಮಾಡಿದ ನೀರಿನ ಪಿಎಚ್ ನಾಲ್ಕರ ಆಸುಪಾಸು, ಗುಂಡಿಯ ಜೀವಾಣುಗಳಿಗೆ ಬೇಕಾದದ್ದು ಏಳರ ಆಸುಪಾಸು. ನೀರು ಹೇಗೂ ಇದೆಯಲ್ಲ ಅಂತ ಸಗಣಿ ಕಲಸಲು ಅದನ್ನೇ ಬಳಸಿದರೆ ಬಗ್ಗಡ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಹಾಗಾದರೆ ಒಂದು ವಾರ ಏನೂ ಹಾಕಬೇಡಿ, ಸ್ವಲ್ಪ ಸುಣ್ಣದ ತಿಳಿ ಹಾಕಿ, ಪಕ್ಕದ ಮನೆಯ ಚೆನ್ನಾಗಿರುವ ಗುಂಡಿಯಿಂದ ನಾಲ್ಕು ಬಕೆಟ್ ಬಗ್ಗಡ ತಂದು ಸೇರಿಸಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರೂ ಬೇಡ.

ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗುವುದು ನಿಜ. ಉಗುರುಬೆಚ್ಚಗಿನ ನೀರಿನಲ್ಲಿ ಸಗಣಿ ಕಲಸಿ, ಬಿಸಿಲೇರಿದ ಮೇಲೆ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ.

ಯಾರೂ ಹೇಳದ ಮಾತೊಂದಿದೆ, ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ದೊಡ್ಡದು ಅದೇ. ದೀನಬಂಧುವಿನ ಗುಮ್ಮಟ ಹಿಡಿದಿಡುವುದು ದಿನದ ಗ್ಯಾಸಿನ ಮೂರನೇ ಒಂದು ಭಾಗ ಮಾತ್ರ, ಎಂಟು ಗಂಟೆಯಲ್ಲಿ ತುಂಬಿಬಿಡುತ್ತದೆ. ಆಮೇಲೆ ಬರುವ ಗ್ಯಾಸ್ ಬಗ್ಗಡವನ್ನು ಕೆಳಗೆ ತಳ್ಳಿ ಪಕ್ಕದ ಬಾಯಿಯಿಂದ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಸುಡದೆ ಹೋದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು. 2 ಘನ ಮೀಟರ್ ಗ್ಯಾಸಿನಲ್ಲಿ ಮೀಥೇನ್ 800 ಗ್ರಾಂ. ಅದರಲ್ಲಿ ಹತ್ತನೇ ಒಂದು ಭಾಗ ಸೋರಿದರೆ ದಿನಕ್ಕೆ 2.2 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಈ ಗುಂಡಿಯ ಗ್ಯಾಸ್ ಪೂರ್ತಿ ಬಳಸಿದರೆ ಉಳಿಯಬಹುದಾದ ಸಿಲಿಂಡರ್ ಗ್ಯಾಸ್ ದಿನಕ್ಕೆ 860 ಗ್ರಾಂ, ಸುಟ್ಟಿದ್ದರೆ ಅದು ಬಿಡುತ್ತಿದ್ದದ್ದು 2.6 ಕೆಜಿ. ಉಳಿಸಿದ್ದರಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲೇ ಹೋಯಿತು.

ನೈಸರ್ಗಿಕ ಅನಿಲ ಕಲ್ಲಿದ್ದಲಿಗಿಂತ ಮೇಲೋ ಅಲ್ಲವೋ ಅನ್ನುವ ಜಗಳವೂ ಇದೇ. ಸುಡುವ ಜಾಗದಲ್ಲಿ ಅದು ಕಲ್ಲಿದ್ದಲಿಗಿಂತ ಎಷ್ಟೋ ಹಗುರ. ಬಾವಿಯಿಂದ ವಿದ್ಯುತ್ ಸ್ಥಾವರಕ್ಕೆ ಬರುವಷ್ಟರಲ್ಲಿ ನೂರಕ್ಕೆ ಮೂರು ಭಾಗ ಸೋರಿದರೆ, ಮೊದಲ ದಶಕಗಳಲ್ಲಿ ಆ ಲಾಭ ಉಳಿಯುವುದಿಲ್ಲ. ಹಾಗಾಗಿ ಗುಂಡಿಯನ್ನು ಬೇಕಾದ್ದಕ್ಕಿಂತ ದೊಡ್ಡದು ಕಟ್ಟಿಸಲೇಬೇಡಿ. ದಿನಕ್ಕೆ ಮೂರು ಹೊತ್ತು ಒಲೆ ಹಚ್ಚಿ, ಹೊತ್ತಿಗೆ ಒಂದೂವರೆ ಗಂಟೆ. ಮದುವೆಗೋ ಜಾತ್ರೆಗೋ ಮನೆಮಂದಿ ಹೊರಡುವುದಿದ್ದರೆ ಕೆಲವು ದಿನ ಮೊದಲೇ ಸಗಣಿ ಹಾಕುವುದು ಕಡಿಮೆ ಮಾಡಿ. ತಿಂಗಳಿಗೊಮ್ಮೆ ಎಲ್ಲಾ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ.

ಒಲೆಯ ಬಗ್ಗೆ ಒಂದು ಮಾತು: ಸಿಲಿಂಡರಿನ ಒಲೆಗೆ ಈ ಪೈಪು ಸಿಕ್ಕಿಸಬೇಡಿ. ಜೆಟ್ಟಿನ ತೂತು ಸಣ್ಣದು, ಉರಿ ಬರುವುದಿಲ್ಲ. ಗೋಬರ್ ಗ್ಯಾಸಿನ ಒಲೆಯೇ ಬೇರೆ ಸಿಗುತ್ತದೆ.

ಇಂಡಕ್ಷನ್ ವೇಗದಲ್ಲಿ ಎಲ್ಲರಿಗಿಂತ ಮುಂದು. ಕಡುಬು ಬೇಯಿಸಲು, ಹಾಲು ಕಾಯಿಸಲು, ಕುಕ್ಕರಿಗೆ ಅದರಷ್ಟು ಸುಖ ಇನ್ನೊಂದಿಲ್ಲ. ಆದರೆ ಅಲ್ಯೂಮಿನಿಯಂ ಪಾತ್ರೆ ನಡೆಯುವುದಿಲ್ಲ. ಮುದ್ದೆ ತಿರುವಲು ಪಾತ್ರೆಯನ್ನು ಒತ್ತಿ ಹಿಡಿದು ಕೋಲು ಆಡಿಸಬೇಕು. ಪಾತ್ರೆ ಜರುಗಿದರೆ ಒಲೆ ಕೂಗಿ ನಿಲ್ಲುತ್ತದೆ, ಗಾಜಿನ ಮೇಲೆ ಅಷ್ಟು ಬಲ ಹಾಕಲು ಭಯವೂ ಆಗುತ್ತದೆ. 2000 ವಾಟಿಗೆ ಒಂಬತ್ತು ಆಂಪಿಯರ್ ಬೇಕು, ಹಳೆಯ ಮನೆಯ ಸಣ್ಣ ಪ್ಲಗ್ಗಿಗೆ ಹಾಕಿದರೆ ಸುಟ್ಟ ವಾಸನೆ ಬರುತ್ತದೆ. 16 ಆಂಪಿಯರಿನ ಸಾಕೆಟ್ಟು, ಅದಕ್ಕೆ ಬೇರೆ ವೈರು ಎಳೆಸಿ. ಸಂಜೆ ಎಲ್ಲರ ಪಂಪ್‌ಸೆಟ್ ಶುರುವಾಗಿ ವೋಲ್ಟೇಜ್ ಬಿದ್ದರೆ ಎರರ್ ತೋರಿಸಿ ಕೂರುತ್ತದೆ. ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟೇ ಇಲ್ಲ.

ಒಂದು ಸಿಲಿಂಡರಿನ ಕೆಲಸಕ್ಕೆ 120ರಿಂದ 140 ಯೂನಿಟ್ ಬೇಕು. ಏಳು ಜನರ ಮನೆಗೆ ಸಿಲಿಂಡರ್ ಇಪ್ಪತ್ತು ದಿನ ಬಂದರೆ, ಬರೀ ಒಲೆಗೇ ತಿಂಗಳಿಗೆ 180ರಿಂದ 210 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಉಚಿತ ಯೂನಿಟ್ ನಿಗದಿಯಾಗಿರುವುದು ಹಿಂದಿನ ಬಳಕೆಯ ಸರಾಸರಿಯ ಮೇಲೆ. ತಿಂಗಳಿಗೆ 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಇಂಗಾಲದ ಲೆಕ್ಕವೂ ಅಷ್ಟು ಸಲೀಸಲ್ಲ. ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್. 130 ಯೂನಿಟ್ಟಿಗೆ 91 ಕೆಜಿ. ಅದೇ ಕೆಲಸಕ್ಕೆ ಸಿಲಿಂಡರ್ 42 ಕೆಜಿ. ಗ್ರಿಡ್ ಶುದ್ಧವಾದಷ್ಟೂ ಇದು ತಿರುಗುತ್ತದೆ, ಚಾವಣಿಯಲ್ಲಿ ಸೋಲಾರ್ ಇದ್ದರೆ ಹಗಲಿನ ಅಡುಗೆಗೆ ಈಗಲೇ ತಿರುಗಿದೆ. 2024ರ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60,000, 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ; ಲೈನಿನಲ್ಲಿ ಕೆಲಸ ಮಾಡುವವರ ಜೀವ ಕಾಯಲು ಹಾಗೆ ಮಾಡಿದ್ದಾರೆ. ಮನೆಗೆ ತಂದಮೇಲೆ ಇದು ಗೊತ್ತಾದವರು ಬಹಳ ಮಂದಿ.

ಸೂರ್ಯ ಮುಳುಗಿದ ಮೇಲೆ ಯಾರು ನಡೆಸುತ್ತಾರೆ ಅನ್ನುವುದು ನಮ್ಮ ಅಡುಗೆಮನೆಯ ಪ್ರಶ್ನೆಯೂ ಹೌದು, ರಾಜ್ಯದ್ದೂ ಹೌದು. ಪಾವಗಡದಲ್ಲಿ 2050 ಮೆಗಾವಾಟ್ ಸೋಲಾರ್ ಇದೆ, ರಾತ್ರಿ ಅದು ಸೊನ್ನೆ. ಸಂಜೆ ಕೈಹಿಡಿಯುವುದು 1035 ಮೆಗಾವಾಟಿನ ಶರಾವತಿಯಂಥ ಜಲವಿದ್ಯುತ್. ಯಲಹಂಕದ 370 ಮೆಗಾವಾಟ್ ಗ್ಯಾಸ್ ಸ್ಥಾವರಕ್ಕೆ ಅರ್ಥ ಬರುವುದೂ ಅಲ್ಲೇ. ಗ್ಯಾಸ್ ಟರ್ಬೈನು ನಿಮಿಷಗಳಲ್ಲಿ ಏರುತ್ತದೆ, ಆರಿದ ಕಲ್ಲಿದ್ದಲು ಬಾಯ್ಲರಿಗೆ ಗಂಟೆಗಟ್ಟಲೆ ಬೇಕು. ಇಪ್ಪತ್ತನಾಲ್ಕು ಗಂಟೆ ಉರಿಸುವ ಗ್ಯಾಸಿಗೆ ನನ್ನ ಒಪ್ಪಿಗೆ ಇಲ್ಲ, ಕೊರತೆಯ ಎರಡು ಮೂರು ಗಂಟೆಗೆ ಉರಿಸುವುದಕ್ಕೆ ಇದೆ.

ಸಿಲಿಂಡರಿನ ಬಗ್ಗೆ ಹೇಳುವುದು ಕಡಿಮೆ. ಯಾವ ಹವಾಮಾನಕ್ಕೂ ಅಂಜುವುದಿಲ್ಲ, ಅಕ್ಕಿರೊಟ್ಟಿಯ ಅಂಚಿನವರೆಗೂ ಉರಿ ಸಮ. ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ, ಕಿಟಕಿ ಜೊತೆಗೆ ಬಾಗಿಲೂ ತೆಗೆಯಿರಿ. 2025ರಲ್ಲಿ ಬೆಂಗಳೂರಿನ ದರ ಸುಮಾರು 855 ರೂಪಾಯಿ ಇತ್ತು.

ಪೇಟೆಯಲ್ಲಿ ಮನೆ ಇದ್ದು ಪೈಪ್ ಗ್ಯಾಸ್ (ನೈಸರ್ಗಿಕ ಅನಿಲ) ಬಂದರೆ ಸಿಲಿಂಡರಿಗಿಂತ ಅದು ಮೇಲು. ಒಲೆಯ ಜೆಟ್ ಮಾತ್ರ ಬದಲಾಯಿಸಬೇಕು. ಆ ಪೈಪಿಗೂ ಸಗಣಿ, ಕಸದಿಂದ ಮಾಡಿದ ಶುದ್ಧ ಬಯೋಗ್ಯಾಸನ್ನು ಬೆರೆಸಬೇಕು ಅಂತ ನಿಯಮ ಆಗಿದೆ: 2025-26ಕ್ಕೆ ನೂರಕ್ಕೆ 1, 2028-29ಕ್ಕೆ 5. ಗೋಬರ್ ಗ್ಯಾಸಿನಿಂದ ಇಂಗಾಲದ ಡೈಆಕ್ಸೈಡ್ ತೆಗೆದುಬಿಟ್ಟರೆ ಉಳಿಯುವುದು ಅದೇ ಮೀಥೇನ್ ತಾನೆ.

ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗುವ ಅಭ್ಯಾಸ ಇದ್ದವರಿಗೆ 50 ಕೆಜಿ ಸಗಣಿ ಕಲಸುವುದು ಅರ್ಧ ಗಂಟೆಯ ಕೆಲಸ. ಇಪ್ಪತ್ತು ದಿನಕ್ಕೊಂದು ಸಿಲಿಂಡರ್ ಅಂದರೆ ತಿಂಗಳಿಗೆ ಒಂದೂವರೆ. ಪೂರ್ತಿ ಉಳಿದರೆ ಆ 855ರ ದರದಲ್ಲಿ ಸುಮಾರು 1,280 ರೂಪಾಯಿ. ಕಟ್ಟಿಸಲು 60,000 ಬಿದ್ದಿದೆ ಅಂದುಕೊಂಡರೂ ನಾಲ್ಕು ವರ್ಷದಲ್ಲಿ ಹಣ ವಾಪಸ್, ಕಾಫಿಗೂ ಮೆಣಸಿನ ಬಳ್ಳಿಗೂ ಸಿಗುವ ಬಗ್ಗಡ ಲೆಕ್ಕದ ಹೊರಗೆ. ಹಗಲು ಬಿಸಿಲಿದ್ದಾಗ ಕುಕ್ಕರಿಗೆ ಇಂಡಕ್ಷನ್, ಮೂರು ಹೊತ್ತಿನ ಮುಖ್ಯ ಉರಿ ಗೋಬರ್ ಗ್ಯಾಸ್, ನೆಂಟರು ಬಂದಾಗ ಮತ್ತು ಜುಲೈ ತಿಂಗಳಿಗೆ ಒಂದು ಸಿಲಿಂಡರ್ ಮೂಲೆಯಲ್ಲಿ. ಹಾಲಿನ ರೇಟು ಸಾಲದೆ ಹಸು ಮಾರುವ ಯೋಚನೆ ನಡೆದಿರುವ ಮನೆಯವರು ಮಾತ್ರ ಗುಂಡಿ ತೋಡಿಸುವ ಮೊದಲು ಅದನ್ನು ತೀರ್ಮಾನ ಮಾಡಿಕೊಳ್ಳಲಿ.