ಕುರ್ದ್ ಗೆಳೆಯನ ಮೇಲ್ಮನವಿಗೆ ನಾವು ಹೋದ ಲಾ ಸೆಂಟರ್

ಇಂಗ್ಲೆಂಡಿನಲ್ಲಿ ನಮ್ಮ ಪಕ್ಕದ ಮನೆಯ ಗೆಳೆಯ ಇರಾನಿನ ಸಖೆಜ್ ಊರಿನ ಕಡೆಯ ಕುರ್ದ್ ಜನಾಂಗದವನು. ಆಶ್ರಯ ಕೇಳಿ ಹಾಕಿದ್ದ ಅರ್ಜಿ ತಿರಸ್ಕಾರವಾಯಿತು. ಮೇಲ್ಮನವಿಗೆ ಇರೋದು ಬರೀ 14 ದಿನ, ಅದರಲ್ಲಿ ಐದು ದಿನ ಒಬ್ಬ ಖಾಸಗಿ ವಕೀಲರ ಹಿಂದೆ ಅಲೆದೇ ಕಳೆದುಹೋಯಿತು. ಅವರು ಪತ್ರ ಪೂರ್ತಿ ಓದದೆಯೇ ಎರಡು ಸಾವಿರ ಪೌಂಡ್ ಕೇಳಿದರು. ವಾರಕ್ಕೆ 49.18 ಪೌಂಡ್ ಭತ್ಯೆಯಲ್ಲಿ ದಿನ ದೂಡುವವನು ಎಲ್ಲಿಂದ ತರಬೇಕು? ಆಮೇಲೆ ಕಾಸಿಲ್ಲದವರಿಗೆ ಉಚಿತ ಕಾನೂನು ನೆರವು ಕೊಡುವ ಈ ಲಾ ಸೆಂಟರಿಗೆ ಹೋದ, ಜೊತೆಗೆ ನಾನೂ ಹೋದೆ.

ಫೋನ್ ಎತ್ತೋದೇ ಇಲ್ಲ, ಮೊದಲೇ ಹೇಳಿಬಿಡ್ತೀನಿ. ಬೆಳಿಗ್ಗೆ ಎಂಟಕ್ಕೆ ಹೋಗಿ ಬಾಗಿಲಲ್ಲಿ ನಿಂತರೂ ನಮ್ಮ ಸರದಿ ಬಂದಾಗ ಹನ್ನೊಂದಾಗಿತ್ತು. ಆದರೆ ಒಳಗೆ ಕೂತ ಮೇಲೆ ವಕೀಲರು ಸ್ವಲ್ಪವೂ ಅವಸರ ಮಾಡಲಿಲ್ಲ. ಗೆಳೆಯನ ತಮ್ಮನಿಗೆ ಇಂಗ್ಲಿಷ್ ಬರುತ್ತೆ, ಅವನೇ ಹೇಳಲಿ ಅಂದರೆ ಆಕೆ ಒಪ್ಪಲಿಲ್ಲ. ಅವನಾಡುವ ಕುರ್ದಿ ಭಾಷೆಯ ಬಗೆ ಸೊರಾನಿ ಬಲ್ಲ ದುಭಾಷಿಯನ್ನೇ ಕರೆಸಿದರು. ಹೊಡೆತ ತಿಂದ ಕಥೆ ಮನೆಯವರ ಮುಂದೆ ಬಾಯಿಗೆ ಬರಲ್ಲ ಅಂದರು. ನಿಜ ಅಲ್ವಾ?

ಕೇಸು ನಿಂತಿದ್ದು ಒಂದು ದಿನಾಂಕದ ಮೇಲೆ. ಸಖೆಜ್‌ನ ಹುಡುಗಿ ಮಹ್ಸಾ ಅಮಿನಿಯನ್ನು ಪೊಲೀಸರು ಹಿಡಿದೊಯ್ದರು, 2022ರ ಸೆಪ್ಟೆಂಬರ್ 16ರಂದು ಆಕೆ ತೀರಿಕೊಂಡಳು. ಆಗ ಎದ್ದ ಪ್ರತಿಭಟನೆಯಲ್ಲಿ ಇವನಿದ್ದ. ಆಶ್ರಯದ ಅರ್ಜಿಯ ಸಂದರ್ಶನದಲ್ಲಿ ಇರಾನಿನ ಪಂಚಾಂಗದ ಲೆಕ್ಕದಲ್ಲಿ "1401, ಏಳನೇ ತಿಂಗಳು" ಅಂದಿದ್ದ. ಅಲ್ಲಿನ ದುಭಾಷಿ ಅದನ್ನು 2022ರ ಜುಲೈ ಮಾಡಿಬಿಟ್ಟಿದ್ದರು. ಜುಲೈನಲ್ಲಿ ಆ ಪ್ರತಿಭಟನೆ ಇರಲೇ ಇಲ್ಲ, ಹಾಗಾಗಿ ಇವನ ಮಾತು ನಂಬೋಕಾಗಲ್ಲ ಅಂತ ತಿರಸ್ಕಾರದ ಪತ್ರ ಹೇಳಿತ್ತು. ಇರಾನಿನ ಹೊಸ ವರ್ಷ ನಮ್ಮ ಯುಗಾದಿಯ ಆಸುಪಾಸಿಗೆ ಬರುತ್ತೆ. ಏಳನೇ ತಿಂಗಳು ಮೆಹ್ರ್, ಆ ವರ್ಷ ಶುರುವಾಗಿದ್ದು ಸೆಪ್ಟೆಂಬರ್ 23ಕ್ಕೆ. ಏಳನೆಯದು ಅಂತ ನಮ್ಮ ಆಶ್ವಯುಜವನ್ನು ಜುಲೈ ಅಂದರೆ ಹೇಗಿರುತ್ತೆ, ಹಾಗೆ. ವಕೀಲರು ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಕಾಗದವನ್ನು ಅವನ ಕಡೆ ತಿರುಗಿಸಿದರು. ಅವನು ಸುಮ್ನೆ ಅದನ್ನೇ ನೋಡುತ್ತಾ ಕೂತ, ಕೈ ನಡುಗುತ್ತಿತ್ತು.

2018ರಲ್ಲಿ ಇಲ್ಲಿನ ಮೇಲಿನ ಹಂತದ ನ್ಯಾಯಮಂಡಳಿ ಅಪ್ಪರ್ ಟ್ರಿಬ್ಯುನಲ್ ಇರಾನಿನ ಕುರ್ದರ ಬಗ್ಗೆ ಕೊಟ್ಟ ತೀರ್ಪನ್ನೂ ಆಕೆ ಬಿಡಿಸಿ ಹೇಳಿದರು. ಕುರ್ದ್ ಅನ್ನೋದೊಂದೇ ಸಾಲದು. ಆದರೆ ಕುರ್ದರ ಹಕ್ಕಿನ ಪರ ಕರಪತ್ರ ಇಟ್ಟುಕೊಂಡು ಸಿಕ್ಕಿಬಿದ್ದರೂ ಅಪಾಯ ಇದೆ ಅಂತ ಅದರಲ್ಲಿದೆ.

ಸರ್ಕಾರವೇ ಖರ್ಚು ಭರಿಸುವ ಲೀಗಲ್ ಏಡ್ ಸಿಕ್ಕಿದ್ದರಿಂದ ವಕೀಲರಿಗೂ ದುಭಾಷಿಗೂ ಒಂದು ಪೆನ್ನಿ ಕೊಡಲಿಲ್ಲ, ವಿಚಾರಣೆಯ 140 ಪೌಂಡ್ ಶುಲ್ಕವೂ ಇರಲಿಲ್ಲ. ಹನ್ನೆರಡನೇ ದಿನ ಮೇಲ್ಮನವಿ ಹೋಯಿತು. ವಿಚಾರಣೆ ಮುಗಿದಿದೆ, ತೀರ್ಪು ಇನ್ನೂ ಬಂದಿಲ್ಲ. ಆದರೂ ಐದಕ್ಕೆ ಐದು ಕೊಡ್ತೀನಿ. ಹೋಗುವವರು ತಿರಸ್ಕಾರದ ಪತ್ರದ ಜೊತೆ ಸಂದರ್ಶನದ ಪ್ರತಿಯನ್ನೂ ಒಯ್ಯಿರಿ, ಆಕೆ ಮೊದಲು ಕೇಳೋದು ಅದನ್ನೇ.