ಬೈರಾಸು ನೇಯಲು 24 ಅಂಗುಲದ ಮೇಜು ಮಗ್ಗ: ಹತ್ತಿಗೆ ಸೈ, ಲಿನನ್ನಿಗೆ ಅರೆಬರೆ

ಮೇಜಿನ ಅಂಚಿಗೆ ಆನಿಸಿ ಮಡಿಲಲ್ಲಿಟ್ಟು ನೇಯುವ ಸಣ್ಣ ಮರದ ಮಗ್ಗ ಇದು. ಕಾಲುಮಣೆಯಿಲ್ಲ, ಗುಂಡಿ ತೋಡುವ ಕೆಲಸವಿಲ್ಲ. ಎಳೆಗಳನ್ನು ಪೋಣಿಸುವ ಬಾಚಣಿಗೆಯಂಥ ಹಣಿಗೆಯನ್ನೇ ಎತ್ತಿ ಇಳಿಸಿದರೆ ಹಾಸು, ಅಂದರೆ ಉದ್ದದ ಎಳೆಗಳ ಸಾಲು, ಬಾಯಿ ಬಿಡುತ್ತದೆ; ಅದೇ ಹಣಿಗೆಯಿಂದ ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಒತ್ತುವುದೂ ಆಗುತ್ತದೆ. 1938ರಿಂದ ಸೀರೆ ನೇಯುತ್ತಿರುವ ಕಾಸರಗೋಡು ನೇಕಾರರ ಸಹಕಾರ ಸಂಘದ ಮಗ್ಗ ನೋಡಿದವರಿಗೆ ಇದು ಆಟಿಕೆ ಅನ್ನಿಸೀತು. ಸೀರೆಗೆ ಆಟಿಕೆಯೇ ಸರಿ. ಮನೆಯಲ್ಲಿ ಮೈ ಒರೆಸುವ ಬೈರಾಸಿಗೆ ಸಾಕು. ಟರ್ಕಿ ಟವೆಲ್ ಮಾತ್ರ ಕೇಳಬೇಡಿ. ಅದರ ಮೈಮೇಲಿನ ಕುಣಿಕೆಗಳಿಗೆ ಬೇರೆಯೇ ಸಡಿಲ ಹಾಸು, ಅದಕ್ಕೆ ಇನ್ನೊಂದು ಸುತ್ತುದಿಂಡು ಬೇಕು. ಅದೆಲ್ಲ ಸೊಲ್ಲಾಪುರದವರ ಕೆಲಸ.

ಮೊದಲ ತಕರಾರು ಪೆಟ್ಟಿಗೆಯಲ್ಲೇ ಇದೆ. ಮಗ್ಗದ ಜೊತೆಗೆ ಬರುವುದು ಅಂಗುಲಕ್ಕೆ ಏಳೂವರೆ ಎಳೆಯ ಹಣಿಗೆ. ಅದು ಉಣ್ಣೆಯ ಶಾಲಿಗೆ ಹೇಳಿದ್ದು. ಬೈರಾಸಿನ ಹತ್ತಿ ನೂಲು ಅದರಲ್ಲಿ ಹಾಕಿದರೆ ಮೀನು ಸೋಸುವ ಬಲೆಯಾದೀತು. ಅಂಗುಲಕ್ಕೆ 15 ಎಳೆಯ ಹಣಿಗೆಯನ್ನು ಬೇರೆಯೇ ಕೊಳ್ಳಬೇಕು. ಮಗ್ಗದ ಬೆಲೆ ಲೆಕ್ಕ ಹಾಕುವಾಗಲೇ ಅದನ್ನೂ ಸೇರಿಸಿ. ಈ ಹಣಿಗೆಯ ತೂತುಗಳು ಸಣ್ಣವು. ನೂಲಿನಲ್ಲಿ ಗಂಟಿದ್ದರೆ ಅಲ್ಲೇ ಸಿಕ್ಕಿ ಎಳೆ ತುಂಡಾಗುತ್ತದೆ, ಹಾಗಾಗಿ ಹಾಸು ಹಾಕುವಾಗಲೇ ಗಂಟು ಸಿಕ್ಕಿದ ಎಳೆಯನ್ನು ಬಿಚ್ಚಿ ಹಾಸು ಎಳೆಯಲು ನಿಲ್ಲಿಸಿದ ಗೂಟದ ಬಳಿಯಿಂದ ಹೊಸದಾಗಿ ಕಟ್ಟಿ.

ನೂಲಿನ ಲೆಕ್ಕ ಹೀಗೆ. 8ನೇ ನಂಬರಿನ (ನಂಬರು ಹೆಚ್ಚಿದಷ್ಟೂ ನೂಲು ಸಪೂರ) ಎರಡೆಳೆ ಹತ್ತಿ ನೂಲು ಕಿಲೋಗೆ ಸುಮಾರು 6,770 ಮೀಟರ್ ಬರುತ್ತದೆ. ಹಣಿಗೆಯಲ್ಲಿ 20 ಅಂಗುಲ ಅಗಲ ಅಂದರೆ 300 ಎಳೆ. ನಾಲ್ಕು ಬೈರಾಸಿಗೆ ತಲಾ 34 ಅಂಗುಲ ನೇಯಬೇಕು; ಹೊಕ್ಕಿನ ಮೇಲೆ ಕೆಳಗೆ ಹಾಯುವಾಗ ಹಾಸು ಕುಗ್ಗುವುದು, ಕೊನೆಗೆ ಮಗ್ಗದಲ್ಲೇ ಉಳಿದು ಕತ್ತರಿಸಿ ಬಿಸಾಡುವ ಸುಮಾರು 24 ಅಂಗುಲ, ಎಲ್ಲ ಸೇರಿ ಹಾಸಿನ ಉದ್ದ 4.5 ಮೀಟರ್. ಹಾಸಿನ ಎಳೆಗೆ 200 ಗ್ರಾಂ, ಹೊಕ್ಕಿಗೆ 160 ಗ್ರಾಂ. ಒಂದೊಂದು ಲಡಿ ಹೆಚ್ಚಿಗೆ ತೆಗೆದಿಡಿ. ಬಣ್ಣದ ನೂಲು ಮುಂದಿನ ಸಲ ಅದೇ ಬಣ್ಣದಲ್ಲಿ ಸಿಗುತ್ತದೆಂಬ ಖಾತರಿಯಿಲ್ಲ. ಎರಡೆಳೆ ನೂಲಿಗೆ ಗಂಜಿ ಬೇಕಿಲ್ಲ. ಒಂಟಿ ಎಳೆಗೆ ಬೇಕು, ಆದರೆ ಆಟಿ ತಿಂಗಳ ಮಳೆಯಲ್ಲಿ ಗಂಜಿ ಹಾಕಿದ ಹಾಸನ್ನು ಮಗ್ಗದ ಮೇಲೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ.

ಹಾಳಾಗುವುದು ಹೆಚ್ಚಾಗಿ ಹಾಸು ಸುತ್ತುವಾಗ. ಪ್ರತಿ ಸುತ್ತಿನ ನಡುವೆ ದಪ್ಪ ಕಾಗದ ಹಾಕಬೇಕು, ಹಳೆಯ ಕ್ಯಾಲೆಂಡರ್ ಹಾಳೆ ಆದೀತು, ಆದರೆ ಅದು ಹಾಸಿಗಿಂತ ಎರಡೂ ಕಡೆ ಒಂದೊಂದು ಅಂಗುಲ ಅಗಲ ಇರಲಿ. ಕಿರಿದಾದರೆ ಅಂಚಿನ ಎಳೆಗಳು ಕಾಗದದಿಂದ ಜಾರಿ ಕೆಳಗಿನ ಸುತ್ತಿಗೆ ಬೀಳುತ್ತವೆ. ನೇಯ್ಗೆ ಒಂದು ಮೊಳ ಸಾಗಿದ ಮೇಲೆ ಅವು ಸಡಿಲಾಗಿ ಜೋಲುತ್ತವೆ, ಆಗ ಯಾರು ಏನು ಮಾಡಿದರೂ ಅಂಚು ನೇರ ಬರುವುದಿಲ್ಲ. ಜೋಲಿದ ಎಳೆಯ ಕೆಳಗೆ ಹಿಂಬದಿಯಲ್ಲಿ ತೆಳು ಕಡ್ಡಿ ತುರುಕುವುದು ತಾತ್ಕಾಲಿಕ ಉಪಾಯ.

ಹೊಕ್ಕನ್ನು ಓರೆಯಾಗಿ, ಸಡಿಲವಾಗಿ ಬಿಡಿ. ಅಡ್ಡಕ್ಕೆ ನೇರ ಎಳೆದರೆ ಬಟ್ಟೆ ಒಳಕ್ಕೆ ಜಗ್ಗುತ್ತದೆ. 20 ಅಂಗುಲದಲ್ಲಿ ಒಟ್ಟು ಒಂದು ಅಂಗುಲ ಕುಗ್ಗಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಅಂಚಿನ ಎಳೆಗಳು ಹಣಿಗೆಗೆ ತಿಕ್ಕಿ ತಿಕ್ಕಿ ಸವೆದು ತುಂಡಾಗುತ್ತವೆ. ಹಣಿಗೆಯಿಂದ ಬಡಿಯಬೇಡಿ, ಒತ್ತಿ. ಅಂಗುಲಕ್ಕೆ 15 ಹೊಕ್ಕು ಬಂದರೆ ಸರಿ.

ಇನ್ನು ಲಿನನ್. ಅಗಸೆನಾರಿಗೆ ಹಿಗ್ಗುವ ಗುಣ ತೀರಾ ಕಡಿಮೆ. ಈ ಮಗ್ಗದಲ್ಲಿ ಹಿಂದಿನ ದಿಂಡಿನಿಂದ ಮುಂದಿನ ದಿಂಡಿಗೆ ಇರುವ ಅಂತರವೂ ಚಿಕ್ಕದು. ಹಣಿಗೆ ಎತ್ತಿದಾಗ ಹತ್ತಿ ಎಳೆ ಸ್ವಲ್ಪ ಹಿಗ್ಗಿ ಬಾಯಿ ಬಿಡುತ್ತದೆ, ಲಿನನ್ ಬಿಡುವುದಿಲ್ಲ. ಬಾಯಿ ಸಪೂರವಾಗಿ ಲಾಳಿ ನುಗ್ಗುವಾಗ ಎಳೆಗಳನ್ನು ಚುಚ್ಚುತ್ತದೆ. ಬಿಗಿ ಹೆಚ್ಚಿಸಹೊರಟರೆ ಹಲ್ಲುಚಕ್ರದ ಪ್ಲಾಸ್ಟಿಕ್ ಕೊಕ್ಕೆ ಜಾರುತ್ತದೆ. ಹಾಸಿನ ಎಳೆಗೇ ಲಿನನ್ ಹಾಕುವ ಆಸೆಯಿದ್ದರೆ ಉದ್ದನೆಯ ನೆಲದ ಮಗ್ಗವೇ ಬೇಕು.

ಹೊಕ್ಕಿಗಾದರೆ ಚಿಂತೆಯಿಲ್ಲ. 20ನೇ ನಂಬರಿನ ಎರಡೆಳೆ ಲಿನನ್ 180 ಗ್ರಾಂ ಸಾಕು, ಅಂಗುಲಕ್ಕೆ 14 ಹೊಕ್ಕು. ನೂಲು ಸುತ್ತಿದ ಕಂಡಿಕೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಅಗಸೆನಾರು ಒಣಗಿದ್ದಾಗಿನದಕ್ಕಿಂತ ಒದ್ದೆಯಾದಾಗಲೇ ಗಟ್ಟಿ, ನುಣುಪಾಗಿ ಕೂರುತ್ತದೆ ಕೂಡ. ನಮ್ಮ ಕರಾವಳಿಯ ತೇವದ ಗಾಳಿ ಬಟ್ಟೆ ಒಣಗಿಸಲು ಶತ್ರು, ಲಿನನ್ ನೇಯಲು ನೆಂಟ. ಒಂದೇ ಬೈರಾಸಿನಲ್ಲಿ ಹತ್ತಿ ಹೊಕ್ಕಿನ ಪಟ್ಟೆ, ಲಿನನ್ ಹೊಕ್ಕಿನ ಪಟ್ಟೆ ಎಂದು ಬೆರೆಸಬೇಡಿ. ಒಗೆದಾಗ ಹತ್ತಿ ಹೆಚ್ಚು ಕುಗ್ಗಿ ಲಿನನ್ ಪಟ್ಟೆ ಅಲೆಅಲೆಯಾಗುತ್ತದೆ.

ಮಗ್ಗದಿಂದ ಇಳಿಸಿದ ಬಟ್ಟೆ ರಟ್ಟಿನ ಹಾಗಿರುತ್ತದೆ, ನೀರನ್ನೂ ಸರಿಯಾಗಿ ಹೀರುವುದಿಲ್ಲ. ತುದಿ ಬಿಚ್ಚದಂತೆ ಮೊದಲು ಹೊಲಿಗೆ ಹಾಕಿ ಬಿಸಿನೀರಲ್ಲಿ ಒಗೆಯಿರಿ, ಅರೆಒದ್ದೆ ಇರುವಾಗಲೇ ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ ಅಂಚು ಮಡಚಿ. ಐದಾರು ಒಗೆತ ಕಂಡ ಮೇಲಷ್ಟೇ ಲಿನನ್ ಹೊಕ್ಕಿನ ಬೈರಾಸು ಮೆತ್ತಗಾಗಿ ಮೈ ಒರೆಸಲು ಒದಗುತ್ತದೆ. ಅಲ್ಲಿಯವರೆಗೆ ಪಾತ್ರೆ ಒರೆಸಲು ಇಟ್ಟುಕೊಳ್ಳಿ.